ಅಗಸ್ತ್ಯನ ಎತ್ತರ: ನಿಜ್ವಾದಲ್ಲಿ ಆಕಾಶ ನೋಡುತ್ತ ಕಲಿತ ಪಾಠಗಳು

ನಮ್ಮ ಕುಂದುರ್ಪಿ ಕಡೆಯವರು ಆಕಾಶ ನೋಡುವುದು ಹಗಲಿನಲ್ಲಿ, ಮೋಡಕ್ಕಾಗಿ. ಕಲ್ಯಾಣದುರ್ಗಕ್ಕೂ ಪಾವಗಡಕ್ಕೂ ನಡುವಿನ ಊರು ನಮ್ಮದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸಿನ ಮಳೆಯನ್ನೇ ನಂಬಿ ಶೇಂಗಾ ಬಿತ್ತುವ ಅನಂತಪುರ ಜಿಲ್ಲೆಯಲ್ಲಿ, ರಾತ್ರಿ ಚುಕ್ಕಿ ಎಣಿಸುತ್ತ ಕೂರುವ ಬಿಡುವು ಯಾರಿಗಿತ್ತು? ಹಾಗೆಂದು ಚುಕ್ಕಿಗಳ ಗುರುತೇ ಇರಲಿಲ್ಲ ಎಂದಲ್ಲ. ರಾತ್ರಿ ಪಾಳಿಯ ಕರೆಂಟಿಗೆ ಕಾದು ಮೋಟರ್ ಹಾಕಲು ಹೊಲಕ್ಕೆ ಹೋಗುತ್ತಿದ್ದ ಅಪ್ಪನಿಗೆ ಕೃತ್ತಿಕೆಯ ಗೊಂಚಲು ಗೊತ್ತಿತ್ತು, ಬೆಳ್ಳಿ ಮೂಡುವ ಹೊತ್ತು ಗೊತ್ತಿತ್ತು. ಅದು ಕೂತು ಕಲಿತದ್ದಲ್ಲ, ಕೆಲಸದ ನಡುವೆ ತಾನಾಗಿ ಕೂಡಿಬಂದ ತಿಳಿವಳಿಕೆ.

ನಾನೀಗ ಇರುವುದು ಒಮಾನ್ ದೇಶದ ನಿಜ್ವಾದಲ್ಲಿ. ನೀರಿನ ಪಂಪ್‌ಹೌಸೊಂದರ ವಿದ್ಯುತ್ ಉಸ್ತುವಾರಿ, ಹೆಚ್ಚಾಗಿ ರಾತ್ರಿ ಪಾಳಿ. ಹಜರ್ ಬೆಟ್ಟಸಾಲಿನ ತಪ್ಪಲಿನ ಊರಾದ್ದರಿಂದ ದೀಪಗಳನ್ನು ದಾಟಿ ಸ್ವಲ್ಪ ದೂರ ಹೋದರೆ ಒಳ್ಳೆಯ ಕತ್ತಲು ಸಿಗುತ್ತದೆ. ಪರದೇಶದಲ್ಲಿ ಒಬ್ಬರೇ ಇರುವವರಿಗೆ ಆಕಾಶ ನೋಡುವ ಅಭ್ಯಾಸ ಎಷ್ಟು ದೊಡ್ಡ ಆಸರೆ ಎಂಬುದನ್ನು ಬಲ್ಲೆ. ಹೊಸದಾಗಿ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಕೈಗೆ ಹತ್ತಲೆಂದು ಇಲ್ಲಿ ಕಲಿತ ಕೆಲವನ್ನು ಬರೆದಿಡುತ್ತಿದ್ದೇನೆ.

1. ಬಂದಿಳಿದ ವಾರವೇ ಎರಡು ನಕ್ಷತ್ರಗಳ ಎತ್ತರ ಅಳೆದುಕೊಳ್ಳಿ

ಉತ್ತರಕ್ಕೆ ಧ್ರುವ, ದಕ್ಷಿಣಕ್ಕೆ ಅಗಸ್ತ್ಯ. ಅಳೆಯಲು ಕೈ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಹೋಗಿ.

ಧ್ರುವ ನಕ್ಷತ್ರ ನೀವಿರುವ ಊರಿನ ಅಕ್ಷಾಂಶ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಕುಂದುರ್ಪಿ 14 ಡಿಗ್ರಿಯ ಮೇಲೆ, ನಿಜ್ವಾ 23ರ ಹತ್ತಿರ. ಊರಲ್ಲಿ ಒಂದೂವರೆ ಮುಷ್ಟಿಗಿಂತ ತುಸು ಕೆಳಗಿದ್ದು, ದಿಗಂತದ ಧೂಳಿನಲ್ಲಿ ಮಸುಕಾಗುತ್ತಿದ್ದ ಧ್ರುವ ಇಲ್ಲಿ ಎರಡು ಮುಷ್ಟಿಯ ಮೇಲಕ್ಕೆ ಏರಿ ಸ್ಪಷ್ಟವಾಗಿ ನಿಂತಿದೆ. ಅಗಸ್ತ್ಯನದು ಇದಕ್ಕೆ ತದ್ವಿರುದ್ಧ. ಫೆಬ್ರವರಿಯ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಅವನು ದಕ್ಷಿಣದಲ್ಲಿ ತನ್ನ ಪೂರ್ತಿ ಎತ್ತರಕ್ಕೆ ಬರುತ್ತಾನೆ: ಕುಂದುರ್ಪಿಯಲ್ಲಿ 23 ಡಿಗ್ರಿ, ನಿಜ್ವಾದಲ್ಲಿ 14. ಧ್ರುವ ಊರಲ್ಲಿ ಎಷ್ಟು ಎತ್ತರವೋ ಅಗಸ್ತ್ಯ ಇಲ್ಲಿ ಅಷ್ಟು ಎತ್ತರ, ಅಗಸ್ತ್ಯ ಊರಲ್ಲಿ ಎಷ್ಟೋ ಧ್ರುವ ಇಲ್ಲಿ ಅಷ್ಟು. ಇವೆರಡೂ ಎತ್ತರ ಅದಲುಬದಲಾಗಿದ್ದನ್ನು ನನ್ನ ಕೈಯಿಂದಲೇ ಅಳೆದು ಕಂಡುಕೊಂಡ ರಾತ್ರಿ, ಪಾಸ್‌ಪೋರ್ಟಿನ ಮುದ್ರೆಗಳಿಗಿಂತ ಖಚಿತವಾಗಿ, ನಾನು ಎಷ್ಟು ದೂರ ಬಂದಿದ್ದೇನೆ ಎಂಬುದು ತಿಳಿಯಿತು.

ಈ ಅಳತೆ ಹೊಸದಲ್ಲ. 15ನೇ ಶತಮಾನದ ಅರಬ್ ನಾವಿಕ ಅಹ್ಮದ್ ಇಬ್ನ್ ಮಾಜಿದ್ ಮತ್ತು ಅವನ ಹಿಂದುಮುಂದಿನವರು ಧ್ರುವದ ಎತ್ತರವನ್ನು ಬೆರಳುಗಳ ಲೆಕ್ಕದಲ್ಲೇ ಹೇಳುತ್ತಿದ್ದರು. ‘ಕಮಾಲ್’ ಎಂಬ ಚಿಕ್ಕ ಮರದ ಹಲಗೆ, ಅದಕ್ಕೊಂದು ಗಂಟು ಹಾಕಿದ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯ ಕೆಳಅಂಚು ದಿಗಂತಕ್ಕೆ, ಮೇಲಂಚು ಧ್ರುವಕ್ಕೆ ತಾಗುವಂತೆ ಹಿಡಿದರೆ ಯಾವ ಬಂದರಿನ ಅಕ್ಷಾಂಶದಲ್ಲಿದ್ದೇವೆ ಎಂದು ತಿಳಿಯುತ್ತಿತ್ತು. ಮಸ್ಕತ್ತಿನಿಂದ ಮಂಗಳೂರಿನತ್ತ ಬರುವ ಹಡಗಿನವರಿಗೆ ಧ್ರುವ ಇಳಿಯುತ್ತ ಇಳಿಯುತ್ತ 13 ಡಿಗ್ರಿಯ ಹತ್ತಿರ ಬಂದರೆ ಮಂಗಳೂರಿನ ನೇರಕ್ಕೆ ಬಂದಂತೆ. ಮಂಗಳೂರಿನ ಅಕ್ಕಿ ಮಸ್ಕತ್ತಿಗೆ ಬರುತ್ತಿದ್ದ ಹಾದಿ ಅದು, ಟಿಪ್ಪುವಿನ ಕಾಲದಲ್ಲಿ ಮೈಸೂರಿನದೊಂದು ವ್ಯಾಪಾರದ ಕೋಠಿಯೂ ಮಸ್ಕತ್ತಿನಲ್ಲಿತ್ತು. ಇಲ್ಲಿಗೆ ದುಡಿಯಲು ಬಂದ ಮೊದಲಿಗರು ನಾವಲ್ಲ ಎಂದು ನೆನೆದರೆ ಮನಸ್ಸಿಗೆ ಧೈರ್ಯ ಬರುತ್ತದೆ.

2. ಕತ್ತಲಿಗೆ ಕಣ್ಣು ಒಗ್ಗಲು ಬಿಡಿ

ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಫೋನಿನ ಪರದೆಯನ್ನು ಒಮ್ಮೆ ನೋಡಿದರೆ ಗಳಿಸಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ ಕಾಯಬೇಕು. ಬೆಳಕು ಬೇಕೇ ಬೇಕೆಂದರೆ ಮಂದ ಕೆಂಪು ಬೆಳಕು ಇಟ್ಟುಕೊಳ್ಳಿ. ಮಸುಕಾದ ವಸ್ತುವನ್ನು ನೇರ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿ, ಆಗಲೇ ಅದು ಕಾಣುತ್ತದೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯನ್ನು ನವೆಂಬರಿನ ರಾತ್ರಿ ಬರಿಗಣ್ಣಿನಿಂದ ಕಾಣಲು ಒಳ್ಳೆಯ ದಾರಿ ಇದು. ಒಂದೇ ಜಾಗದಿಂದ, ಅದೇ ಬೆಟ್ಟದ ಅಂಚನ್ನು ಗುರುತಿಟ್ಟುಕೊಂಡು ನೋಡಿ. ನಕ್ಷತ್ರಗಳು ದಿನಕ್ಕೆ 4 ನಿಮಿಷದಂತೆ ಬೇಗ ಹುಟ್ಟುವುದು ಆಗ ಮಾತ್ರ ಗಮನಕ್ಕೆ ಬರುತ್ತದೆ.

3. ಮಳೆ ನಕ್ಷತ್ರವನ್ನು ಅದರ ಮಳೆಯ ಕಾಲದಲ್ಲಿ ಹುಡುಕಬೇಡಿ

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನು ಬಾಯಿಪಾಠ ಮಾಡಿಕೊಂಡು ಬೆಳೆದವರು ನಾವು. ತೆಲುಗಿನವರ ಬಾಯಲ್ಲಿ ಮಳೆ ನಕ್ಷತ್ರವೆಂದರೆ ಕಾರ್ತೆ. ರೋಹಿಣಿ ಕಾರ್ತೆಯ ಬಿಸಿಲಿಗೆ ಒರಳುಕಲ್ಲೂ ಬಿರಿಯುತ್ತದೆ ಎಂಬ ಅವರ ಮಾತು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಮೃಗಶಿರ, ಆರಿದ್ರೆ, ಪುನರ್ವಸು ಹದವಾಗಿ ಬಂದರೆ ಶೇಂಗಾ ಬಿತ್ತನೆ, ಬಾರದಿದ್ದರೆ ಬೀಜ ಮೂಟೆಯಲ್ಲೇ.

ಜೂನ್ ಮೊದಲ ವಾರ, ರೋಹಿಣಿ ಮಳೆ ನಡೆಯುತ್ತಿರುವಾಗ, ರಾತ್ರಿ ಆಕಾಶದಲ್ಲಿ ರೋಹಿಣಿಯನ್ನು ಹುಡುಕಿದರೆ ಸಿಗುವುದಿಲ್ಲ. ಸೂರ್ಯ ಯಾವ ನಕ್ಷತ್ರದ ಭಾಗದಲ್ಲಿದ್ದಾನೋ ಅದೇ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಯ ಹೆಸರು. ಎಂದರೆ ಆ ನಕ್ಷತ್ರ ಹಗಲಿಡೀ ಸೂರ್ಯನ ಬೆನ್ನಿಗಿರುತ್ತದೆ, ರಾತ್ರಿ ಸೂರ್ಯನೊಡನೆಯೇ ಮುಳುಗಿರುತ್ತದೆ. ಆ ದಿನಗಳ ಸಂಜೆ ಪೂರ್ವದಲ್ಲಿ ಕೆಂಪಗೆ ಏಳುವುದು ಜ್ಯೇಷ್ಠಾ. ರೋಹಿಣಿ ಮತ್ತು ಜ್ಯೇಷ್ಠಾ ಆಕಾಶದಲ್ಲಿ ಹೆಚ್ಚುಕಡಿಮೆ ಎದುರುಬದುರು, ಒಂದು ಸೂರ್ಯನ ಮರೆಗೆ ಹೋದಾಗ ಇನ್ನೊಂದು ರಾತ್ರಿಯಿಡೀ ಮೇಲಿರುತ್ತದೆ.

ಹಾಗಾದರೆ ಕಾಣದ ನಕ್ಷತ್ರದ ಲೆಕ್ಕ ನಮ್ಮ ಹಿರಿಯರಿಗೆ ಸಿಕ್ಕಿದ್ದು ಹೇಗೆ? ಪಂಚಾಂಗದಿಂದ ಎಂಬುದು ಸರಳ ಉತ್ತರ. ಆದರೆ ಪಂಚಾಂಗ ಮಾಡಿದವರೂ ಒಂದು ಕಾಲಕ್ಕೆ ಆಕಾಶವನ್ನೇ ನೋಡಿದವರು: ಮುಸ್ಸಂಜೆಯಲ್ಲಿ ಪಶ್ಚಿಮಕ್ಕೆ ಕೊನೆಯದಾಗಿ ಮುಳುಗಿದ್ದು ಯಾವುದು, ನಸುಕಿನಲ್ಲಿ ಪೂರ್ವಕ್ಕೆ ಮೊದಲು ಕಂಡದ್ದು ಯಾವುದು, ಇವೆರಡರ ನಡುವೆ ಸೂರ್ಯನಿದ್ದಾನೆ ಎಂದು ಎಣಿಸಿದವರು. ಹಳೆಯ ಅರಬರದೂ ಇದೇ ಬಗೆಯ ಲೆಕ್ಕ. ಚಂದ್ರನ ಹಾದಿಯನ್ನು ಅವರು 28 ಮನೆಗಳಾಗಿ ಹಂಚಿದ್ದರು; ನಸುಕಿನಲ್ಲಿ ಒಂದು ಮನೆ ಪಶ್ಚಿಮಕ್ಕೆ ಮುಳುಗುವಾಗ ಅದರ ಎದುರಿನದು ಪೂರ್ವಕ್ಕೆ ಏಳುವುದನ್ನು ನೋಡಿ ಮಳೆಯನ್ನೂ ಗಾಳಿಯನ್ನೂ ಅಂದಾಜು ಮಾಡುತ್ತಿದ್ದರು. ನಮ್ಮ ಕೃತ್ತಿಕೆ ಅವರ ಥುರಯ್ಯಾ, ನಮ್ಮ ರೋಹಿಣಿ ಅವರ ದಬರಾನ್. ಮಳೆಗೆ ಬಾಯಿಬಿಟ್ಟು ಕಾಯುವ ಎರಡು ನೆಲಗಳು ಒಂದೇ ಚುಕ್ಕಿಗಳನ್ನು ಆರಿಸಿಕೊಂಡಿವೆ.

4. ನೀವಿರುವ ದೇಶದವರನ್ನು ಕೇಳಿ

ಆಗಸ್ಟ್ ತಿಂಗಳಲ್ಲಿ ಇಲ್ಲಿಯ ಹಿರಿಯರ ಬಾಯಲ್ಲಿ ಸುಹೈಲ್ ಎಂಬ ಹೆಸರು ಪದೇ ಪದೇ ಬರುತ್ತದೆ. ಸುಹೈಲ್ ಎದ್ದರೆ ರಾತ್ರಿ ತಂಪಾಗುತ್ತದೆ, ಬೇಸಿಗೆಯ ಬೆನ್ನು ಮುರಿಯುತ್ತದೆ ಎಂಬ ನಂಬಿಕೆ ಕೊಲ್ಲಿಯ ಉದ್ದಗಲಕ್ಕೂ ಇದೆ. ಆಗಸ್ಟ್ 24ರ ಆಸುಪಾಸಿಗೆ ನಸುಕಿನಲ್ಲಿ ದಕ್ಷಿಣ ದಿಗಂತದಲ್ಲಿ ಅದು ಮೊದಲು ಕಾಣುತ್ತದೆ. ಅಂದಿನಿಂದ ಹತ್ತು ಹತ್ತು ದಿನಗಳ ಕಂತು ಮಾಡಿ ವರ್ಷವನ್ನು ಎಣಿಸುವ ಹಳೆಯ ಪದ್ಧತಿಯೂ ಇಲ್ಲಿದೆ. ಮೀನುಗಾರರಿಗೂ ಒಂಟೆ ಸಾಕುವವರಿಗೂ ಖರ್ಜೂರದ ತೋಟದವರಿಗೂ ಅದೇ ಪಂಚಾಂಗ.

ಸುಹೈಲ್ ಎಂದರೆ ನಮ್ಮ ಅಗಸ್ತ್ಯನೇ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಅಗಸ್ತ್ಯೋದಯವಾದರೆ ಮಳೆಗಾಲದ ಕದಡಿದ ನೀರು ತಿಳಿಯಾಗುತ್ತದೆ ಎಂಬುದು ನಮ್ಮಲ್ಲಿನ ಪರಂಪರೆ. ಅಲ್ಲಿ ನೀರು ತಿಳಿಯಾಗುವ ಗುರುತು, ಇಲ್ಲಿ ಸೆಕೆ ಇಳಿಯುವ ಗುರುತು. ದಕ್ಷಿಣಕ್ಕೆ ಹೋದಷ್ಟೂ ಅವನು ಬೇಗ ಕಾಣುವುದರಿಂದ ಕುಂದುರ್ಪಿಯಲ್ಲಿ ನಿಜ್ವಾಕ್ಕಿಂತ ಎರಡು ವಾರದಷ್ಟು ಮೊದಲೇ ಅವನ ಉದಯ. ಆದರೆ ಆಷಾಢ ಶ್ರಾವಣದ ಮೋಡ ಬಿಡಬೇಕಲ್ಲ! ಊರಿನಲ್ಲಿ ಅಗಸ್ತ್ಯೋದಯ ಕಂಡವರನ್ನು ನಾನು ಕಂಡಿಲ್ಲ. ಇಲ್ಲಿ ನಮ್ಮ ಪಂಪ್‌ಹೌಸಿನ ಮುದಿ ಕಾವಲುಗಾರ ಪ್ರತಿವರ್ಷ ನನ್ನನ್ನು ಎಬ್ಬಿಸಿ ತೋರಿಸುತ್ತಾನೆ.

5. ನೀರಿನ ಜಾಡು ಹಿಡಿದರೆ ನಕ್ಷತ್ರ ಸಿಗುತ್ತದೆ

ನಿಜ್ವಾದಲ್ಲಿ ಫಲಜ್ ದಾರಿಸ್ ಇದೆ, ಸ್ವಲ್ಪ ದೂರದ ಬಿರ್ಕತ್ ಅಲ್-ಮೌಜ್‌ನಲ್ಲಿ ಫಲಜ್ ಅಲ್-ಖತ್ಮೀನ್ ಇದೆ. ಫಲಜ್ ಎಂದರೆ ಬೆಟ್ಟದ ಬುಡದ ತಾಯಿಬಾವಿಯಿಂದ ನೆಲದಡಿಯ ಸುರಂಗದಲ್ಲಿ, ಪಂಪಿಲ್ಲದೆ, ಬರೀ ಇಳಿಜಾರಿನ ಮೇಲೆ ಊರಿಗೆ ನೀರು ತರುವ ಕಾಲುವೆ. ಒಮಾನಿನಲ್ಲಿ ಇಂಥವು 3,000ಕ್ಕೂ ಹೆಚ್ಚು ಇಂದಿಗೂ ಹರಿಯುತ್ತಿವೆ. 2006ರಲ್ಲಿ ಯುನೆಸ್ಕೊ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಮೇಲಿನ ಎರಡೂ ಅದರಲ್ಲಿವೆ. ದಿನವಿಡೀ ಪಂಪಿನ ಸದ್ದಿನಲ್ಲಿ ಬದುಕುವ ನನ್ನಂಥವನಿಗೆ ಆ ಕಾಲುವೆಯ ಪಕ್ಕ ಕೂರುವುದೇ ಒಂದು ಪಾಠ.

ಅದರ ನೀರು ಊರವರಿಗೆಲ್ಲ ಪಾಲು. ಪಾಲು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ‘ಅಥರ್’ ಎಂಬುದು ಸುಮಾರು ಅರ್ಧ ಗಂಟೆಯ ಪಾಲು. ಹಗಲಿನಲ್ಲಿ ನೆಟ್ಟ ಕಂಬದ ನೆರಳು ಗಡಿಯಾರ, ರಾತ್ರಿ ನಕ್ಷತ್ರಗಳೇ ಗಡಿಯಾರ. ಊರಿನ ಅಂಚಿನ ಗುಡ್ಡದ ನೆತ್ತಿಯನ್ನೋ ಗೋಡೆಯ ಮೇಲಂಚನ್ನೋ ಗುರುತಿಟ್ಟುಕೊಂಡು, ಇಂಥ ನಕ್ಷತ್ರ ಅಲ್ಲಿಂದ ಮೇಲೆ ಬಂದ ಕೂಡಲೇ ಒಬ್ಬನ ಪಾಲು ಮುಗಿದು ಇನ್ನೊಬ್ಬನದು ಶುರು. ಕೈಗಡಿಯಾರ ಬಂದ ಮೇಲೆ ಹೆಚ್ಚಿನ ಊರುಗಳಲ್ಲಿ ಇದು ನಿಂತಿತು, ಕೆಲವೇ ಹಳ್ಳಿಗಳಲ್ಲಿ ಉಳಿಯಿತು.

ಬಿರ್ಕತ್ ಅಲ್-ಮೌಜ್‌ನ ತೋಟದಲ್ಲಿ ಒಬ್ಬ ಅಜ್ಜ ನೀರು ತಿರುಗಿಸುವುದನ್ನು ನೋಡಿದ್ದೇನೆ. ಕವಲಿನ ಬಾಯಿಗೆ ಚಪ್ಪಟೆ ಕಲ್ಲು, ಕಲ್ಲಿನ ಸಂದಿಗೆ ತುರುಕಿದ ಹಳೇ ಬಟ್ಟೆಯ ಉಂಡೆ. ಬಗ್ಗಿ ಬಟ್ಟೆಯನ್ನು ಕಿತ್ತ, ಕಲ್ಲನ್ನು ಎತ್ತಿ ಪಕ್ಕದ ಬಾಯಿಗೆ ಇಟ್ಟ, ಬಟ್ಟೆಯನ್ನು ಅಲ್ಲಿ ತುರುಕಿ ಪಾದದಿಂದ ಅದುಮಿದ. ಬಾಳೆಯ ಪಾತಿಯತ್ತ ಹೊರಟಿದ್ದ ನೀರು ಖರ್ಜೂರದ ಬುಡಕ್ಕೆ ತಿರುಗಿತು. ಅರ್ಧ ನಿಮಿಷದ ಕೆಲಸ. ನಾನು ನಕ್ಷತ್ರದ ಮಾತು ತೆಗೆದಾಗ ಆತ ಹರಕುಮುರುಕು ಹಿಂದಿಯಲ್ಲಿ, ನಮ್ಮಪ್ಪನಿಗೆ ಗೊತ್ತಿತ್ತು ಎಂದ. ಥುರಯ್ಯಾ ಏಳುವ ಬೆಟ್ಟದ ಕೊರಕಲನ್ನು ಮಾತ್ರ ಕೈಮಾಡಿ ತೋರಿಸಿದ. ನಮ್ಮ ಕಡೆಯ ಕೆರೆಗಳಿಗೆ ನೀರು ಹಂಚುವ ನೀರುಗಂಟಿ ಇದ್ದಂತೆ ಇಲ್ಲಿಯ ಕಾಲುವೆಗೆ ಇಂಥವರು. ನೀರುಗಂಟಿಯ ಮಕ್ಕಳು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಈ ಅಜ್ಜನ ಮಕ್ಕಳು ಮಸ್ಕತ್ತಿನಲ್ಲಿ ಕಚೇರಿಗೆ.

ನಕ್ಷತ್ರವನ್ನು ಅಂದಕ್ಕಾಗಿ ನೋಡುವುದು ಒಳ್ಳೆಯದೇ. ಆದರೆ ಅದು ಯಾರಿಗೆ ಯಾವ ಕೆಲಸಕ್ಕೆ ಬಂದಿತ್ತು ಎಂದು ತಿಳಿದ ಮೇಲೆ ನೋಡುವ ನೋಟವೇ ಬೇರೆ. ಪರದೇಶವೆಂಬ ಅಳುಕು ನನಗೆ ಹೋದದ್ದು ಈ ಕಾಲುವೆಯ ಪಕ್ಕದಲ್ಲಿ.

6. ಟೆಲಿಸ್ಕೋಪಿಗೆ ಆತುರ ಬೇಡ

ಮೊದಲ ವರ್ಷ ಬರಿಗಣ್ಣು, ಬೇಕಿದ್ದರೆ ಒಂದು ಬೈನಾಕ್ಯುಲರ್. ಜಿ.ಟಿ. ನಾರಾಯಣ ರಾವ್ ಅವರ ‘ನಕ್ಷತ್ರ ವೀಕ್ಷಣೆ’ಯಂಥ ಪುಸ್ತಕ ಕನ್ನಡದಲ್ಲೇ ಇದೆ, ಬ್ಯಾಗಿನಲ್ಲಿ ಅದಕ್ಕೊಂದು ಜಾಗ ಮಾಡಿ. ದೊಡ್ಡ ಉಪಕರಣದ ಕಥೆ ಬೇಕೆಂದರೆ ನಮ್ಮ ಮಗ್ಗುಲಲ್ಲೇ ಇದೆ. ಹಿಂದೂಪುರದಿಂದ ಬೆಂಗಳೂರಿನ ದಾರಿಯಲ್ಲಿ ಸಿಗುವ ಗೌರಿಬಿದನೂರಿನ ಹೊರವಲಯದಲ್ಲಿ, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಸಜ್ಜುಗೊಳಿಸಿದ ರೇಡಿಯೊ ದೂರದರ್ಶಕ ಹೊಲಗಳ ನಡುವೆ ಟಿ ಆಕಾರದಲ್ಲಿ ಚಾಚಿತ್ತು. ಸಾವಿರ ಆಂಟೆನಾಗಳು, 34.5 ಮೆಗಾಹರ್ಟ್ಸ್. ಹಿಂದೂಪುರದ ರೈಲಿನಲ್ಲಿ ಓಡಾಡಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಶಾಲೆಯ ಮಕ್ಕಳಿಗೆ ಇದನ್ನು ಹೇಳಲೇಬೇಕು.

7. ಊರಿನವರೊಂದಿಗೆ ಹೊತ್ತು ಹೊಂದಿಸಿಕೊಳ್ಳಿ

ಕುಂದುರ್ಪಿಯ ನಡುಆಕಾಶ ದಾಟಿದ ನಕ್ಷತ್ರ ನಿಜ್ವಾದ ನಡುಆಕಾಶಕ್ಕೆ ಬರಲು ಸುಮಾರು 78 ನಿಮಿಷ ಬೇಕು. ಗಡಿಯಾರದಲ್ಲಿ ಒಮಾನ್ ಭಾರತಕ್ಕಿಂತ ಒಂದೂವರೆ ಗಂಟೆ ಹಿಂದೆ. ಸಂಕ್ರಾಂತಿಯ ಹೊತ್ತಿಗೆ ರಾತ್ರಿ ಒಂಬತ್ತೂವರೆ ಸುಮಾರಿಗೆ ಕುಂದುರ್ಪಿಯಲ್ಲಿ ರೋಹಿಣಿ ನೆತ್ತಿಯ ಮೇಲಿರುತ್ತದೆ. ನಿಜ್ವಾದಲ್ಲಿ ನೆತ್ತಿಗೆ ಬರುವುದು ರೋಹಿಣಿಯಲ್ಲ, ಅದಕ್ಕಿಂತ ಸ್ವಲ್ಪ ಮೊದಲು ಹಾದುಹೋಗುವ ಕೃತ್ತಿಕೆ. ಅಕ್ಕನ ಮಗಳು ಮಾಳಿಗೆಯ ಮೇಲೆ ನಿಂತು, ನೆತ್ತಿಯ ಮೇಲೆ ಕೆಂಪು ಚುಕ್ಕಿ ಇದೆ ಮಾಮ ಎನ್ನುತ್ತಾಳೆ. ನನಗೆ ಅದಿನ್ನೂ ಪೂರ್ವಕ್ಕೆ ವಾಲಿದೆ. ಏಕೆ ಎಂದು ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಭೂಮಿ ಗುಂಡಗಿರುವುದೂ ತಿರುಗುವುದೂ ಪಾಠಪುಸ್ತಕದಿಂದ ಮಾಳಿಗೆಗೆ ಬಂದಿರುತ್ತವೆ.

ಯುಗಾದಿಯ ಚಂದ್ರದರ್ಶನಕ್ಕೂ ಇದೇ ಲೆಕ್ಕ. ಇಲ್ಲಿ ಸೂರ್ಯ ಮುಳುಗುವುದು ತಡವಾದ್ದರಿಂದ ಅಷ್ಟರಲ್ಲಿ ಚಂದ್ರ ಸೂರ್ಯನಿಂದ ಇನ್ನಷ್ಟು ದೂರ ಸರಿದಿರುತ್ತಾನೆ, ಗಂಟೆಗೆ ಅರ್ಧ ಡಿಗ್ರಿಯಂತೆ. ಊರವರಿಗೆ ಕಾಣದ ಎಳೆ ಚಂದ್ರ ಅದೇ ಸಂಜೆ ಇಲ್ಲಿ ಕಂಡೀತು. ಮನೆಗೆ ಫೋನ್ ಮಾಡಿ ಹೇಳಿ, ಹಿರಿಯರಿಗೆ ಖುಷಿಯಾಗುತ್ತದೆ.

8. ತಿಳಿ ಆಕಾಶಕ್ಕೆ ಪೂರ್ತಿ ಸಂತೋಷಪಡಲಾಗದಿದ್ದರೆ ಅದನ್ನೂ ಒಪ್ಪಿಕೊಳ್ಳಿ

ಜುಲೈ ರಾತ್ರಿಯ ಆಕಾಶಗಂಗೆಯನ್ನು ನೋಡುತ್ತಿರುವಾಗ ಊರಿಂದ ಫೋನು: ಪುನರ್ವಸುವೂ ಹೋಯಿತು, ಒಂದು ಹನಿ ಇಲ್ಲ. ಅಲ್ಲೂ ತಿಳಿ ಆಕಾಶ, ಇಲ್ಲೂ ತಿಳಿ ಆಕಾಶ. ನಾನು ಇಲ್ಲಿಗೆ ಬಂದದ್ದೇ ಅಲ್ಲಿಯ ಆಕಾಶ ಹಾಗೆ ತಿಳಿಯಾಗಿ ಉಳಿದದ್ದರಿಂದ. ರಾಯಲಸೀಮೆಯಿಂದ ಕೊಲ್ಲಿ ದೇಶಗಳಿಗೆ ಬಂದವರಲ್ಲಿ ಎಷ್ಟೋ ಜನರ ಕಥೆ ಇದೇ. ನಮ್ಮ ಗಡಿಯಾಚೆ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕು ಎದ್ದದ್ದೂ ಇದೇ ಮೋಡವಿಲ್ಲದ ಹಗಲುಗಳಿಂದ. ರೈತರು ಹೊಲವನ್ನು ಗುತ್ತಿಗೆ ಕೊಟ್ಟು ಬಾಡಿಗೆ ಎಣಿಸಿದರು.

ಅಂಥ ರಾತ್ರಿ ನಾನು ನೋಡುವುದನ್ನು ನಿಲ್ಲಿಸುವುದಿಲ್ಲ, ಬೇಗ ಮುಗಿಸುತ್ತೇನೆ. ಅಮ್ಮನಿಗೆ ಮತ್ತೆ ಫೋನ್ ಮಾಡುತ್ತೇನೆ. ಬಿತ್ತನೆಯ ಬೀಜ ಏನಾಯಿತು, ಮೇವು ಎಷ್ಟಿದೆ ಎಂದು ಕೇಳುತ್ತೇನೆ. ಅವಳಿಗೆ ಚುಕ್ಕಿಯ ಮಾತು ಅಂದು ಬೇಡ.

9. ರಜೆಗೆ ಹೋದಾಗ ಕೇಳಿ, ಬರೆದಿಟ್ಟುಕೊಳ್ಳಿ

ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ರಜೆಗೆ ಹೊಂದಿಸಿಕೊಂಡು ಊರಿಗೆ ಹೋಗುವವರೇ ಹೆಚ್ಚು. ಸೆಕೆಗೆ ಹೇಗೂ ಮಾಳಿಗೆಯ ಮೇಲೆ ಮಲಗುತ್ತೀರಿ. ತಿಂಗಳ ನಡುವೆ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ದಕ್ಷಿಣಕ್ಕೆ ತಿರುಗಿದರೆ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ, ಒಂದೂವರೆ ಮುಷ್ಟಿ ಎತ್ತರದಲ್ಲಿ. ನಿಜ್ವಾದಲ್ಲಿ ಅದು ಒಂದು ಮುಷ್ಟಿಯೂ ಇಲ್ಲ, ಬೆಟ್ಟವೊಂದು ಅಡ್ಡವಿದ್ದರೆ ಮುಗಿಯಿತು. ಅದರ ಎಡಕ್ಕೆ ಬರುವ ಎರಡು ಹೊಳಪು ಚುಕ್ಕಿಗಳಲ್ಲಿ ಹೊರಗಿನದು ನಮಗೆ ಅತಿ ಹತ್ತಿರದ ನಕ್ಷತ್ರ ಕುಟುಂಬ, ಸುಮಾರು 4.4 ಜ್ಯೋತಿರ್ವರ್ಷ. ಯುರೋಪಿನಲ್ಲಿ ಬಹುತೇಕ ಎಲ್ಲಿಂದಲೂ ಕಾಣದ್ದು ನಮ್ಮ ಮಾಳಿಗೆಯಿಂದ ಕಾಣುತ್ತದೆ. ಬೀದಿಯ ಎಲ್‌ಇಡಿ ದೀಪ ಕಣ್ಣಿಗೆ ಹೊಡೆಯದ ಮೂಲೆ ಹುಡುಕಬೇಕು ಅಷ್ಟೇ.

ಹಗಲಿನಲ್ಲಿ ಎಂಬತ್ತು ದಾಟಿದವರ ಬಳಿ ಕೂತುಕೊಳ್ಳಿ. ಕೆರೆಯ ನೀರು ಹಂಚುವಾಗ ರಾತ್ರಿಯ ಹೊತ್ತು ಹೇಗೆ ಎಣಿಸುತ್ತಿದ್ದರು? ಕುಂದುರ್ಪಿ ಕೋಟೆಬೆಟ್ಟದ ಯಾವ ಮಗ್ಗುಲಿಂದ ಕೃತ್ತಿಕೆ ಏಳುವುದನ್ನು ನೋಡಿ ಕಣ ಕಾಯಲು ಹೋಗುತ್ತಿದ್ದರು? ಕುರಿ ಕಾಯುವವರು ರಾತ್ರಿ ದಿಕ್ಕನ್ನು ಹೇಗೆ ಹಿಡಿಯುತ್ತಿದ್ದರು? ಅವರು ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿ, ತೆಲುಗಿನಲ್ಲಿ ಹೇಳಿದ್ದನ್ನು ತೆಲುಗಿನಲ್ಲೇ ಬರೆದುಕೊಳ್ಳಿ. ಹೇಳಿದವರ ಊರನ್ನೂ ದಿನಾಂಕವನ್ನೂ ಪಕ್ಕದಲ್ಲಿ ಗುರುತು ಹಾಕಿ. ರಾತ್ರಿಯಾದ ಮೇಲೆ ಅವರನ್ನೇ ಕೈಹಿಡಿದು ಅಂಗಳಕ್ಕೆ ಕರೆತಂದು ತೋರಿಸಲು ಹೇಳಿ. ಹೆಸರು ಮರೆತವರಿಗೂ ಕೈ ತೋರಿಸುವ ದಿಕ್ಕು ಮರೆತಿರುವುದಿಲ್ಲ.